ಬರೆಯದ ವಸ್ತ್ರಸಂಹಿತೆಯ ಭಾರ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ನಮ್ಮ ಗಾದೆ. ಉದ್ಯಮಲೋಕದಲ್ಲಿ ನಾಲ್ಕು ಜನರ ಮುಂದೆ ನಿಂತು ತನ್ನ ಯೋಜನೆಯನ್ನು ಮಂಡಿಸಬೇಕಾದವರ ಮಟ್ಟಿಗೆ ಈ ಮಾತು ಇಂದಿಗೂ ನಿಜ. ತೊಂದರೆ ಇರುವುದು, ಆ ‘ಪರರ ಇಚ್ಛೆ’ ಏನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳದಿರುವಲ್ಲಿ.

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಕಾಲೇಜೊಂದರಲ್ಲಿ ಎಂಬಿಎ ವಿದ್ಯಾರ್ಥಿಗಳು ತಮ್ಮ ವ್ಯಾಪಾರ ಯೋಜನೆಗಳನ್ನು ಮಂಡಿಸುವ ಸ್ಪರ್ಧೆಗೆ ಈ ಲೇಖಕ ತೀರ್ಪುಗಾರನಾಗಿ ಹೋಗಬೇಕಾಯಿತು. ಏಪ್ರಿಲ್ ತಿಂಗಳು, ಫ್ಯಾನಿನ ಗಾಳಿಯೂ ಬಿಸಿ. ನಾಲ್ವರ ತಂಡವೊಂದರಲ್ಲಿ ಒಬ್ಬೊಬ್ಬರಾಗಿ ಒಳಬಂದು ತಮ್ಮ ಪಾಲಿನ ವಿಷಯ ಹೇಳಿ ಹೊರಹೋಗುತ್ತಿದ್ದರು. ನಾಲ್ವರೂ ಒಂದೇ ಬಗೆಯ ಕಪ್ಪು ಕೋಟು ಹೊಲಿಸಿದ್ದಾರೆ ಎಂದೇ ಮೊದಲು ಭಾವಿಸಿದ್ದೆವು. ಮೂರನೆಯವನ ಮೊಣಕೈ ಬಳಿ ಹಿಂದಿನವನಿಗಿದ್ದ ಅದೇ ತೇಪೆಯನ್ನು ಕಂಡಾಗ ವಿಷಯ ತಿಳಿಯಿತು. ಕೋಟು ಒಂದೇ, ಬಾಗಿಲಾಚೆ ಮೈ ಬದಲಾಯಿಸುತ್ತಿತ್ತು. ತೋಳು ಅಂಗೈವರೆಗೂ ಇಳಿದಿದ್ದ ಕೊನೆಯ ಹುಡುಗ, ಮೆಣಸಿನಕಾಯಿ ಒಣಗಿಸುವ ಘಟಕವೊಂದರ ಖರ್ಚು-ವೆಚ್ಚವನ್ನು ಅಂದು ಮಾತನಾಡಿದ ಎಲ್ಲರಿಗಿಂತ ಸ್ಪಷ್ಟವಾಗಿ ವಿವರಿಸಿದ. ನಮಗೆ ಕೊಟ್ಟಿದ್ದ ಅಂಕಪಟ್ಟಿಯಲ್ಲಿ ‘ಉಡುಪು ಮತ್ತು ವ್ಯಕ್ತಿತ್ವ’ಕ್ಕೆ ಹತ್ತು ಅಂಕಗಳಿದ್ದವು. ಬೆಂಗಳೂರಿನಿಂದ ಬಂದಿದ್ದ ಸಹ ತೀರ್ಪುಗಾರರು ಅವನಿಗೆ ಮೂರು ಕೊಟ್ಟರು. ಅವರು ಬಂದದ್ದು ಟೀ ಶರ್ಟ್, ಜೀನ್ಸ್‌ನಲ್ಲಿ.

ಅವರನ್ನು ದೂರುವುದು ಉದ್ದೇಶವಲ್ಲ. ಇಂದು ಉದ್ಯಮಲೋಕದಲ್ಲಿ ಉಡುಪಿನ ಬಿಗಿ ಸಡಿಲಿದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಯಾರ ಪಾಲಿಗೆ ಸಡಿಲಿದೆ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ. 2012ರ ಮೇ ತಿಂಗಳಲ್ಲಿ ಫೇಸ್‌ಬುಕ್ ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ಮಾರಲು ಹೊರಟಾಗ, ಮಾರ್ಕ್ ಝುಕರ್‌ಬರ್ಗ್ ನ್ಯೂಯಾರ್ಕ್‌ನ ಹೂಡಿಕೆದಾರರ ಸಭೆಗೆ ತಮ್ಮ ಎಂದಿನ ಹೂಡಿ ಅಂಗಿಯಲ್ಲೇ ಹೋದರು. ಇದು ಅಪ್ರಬುದ್ಧತೆ ಎಂದು ಷೇರುಪೇಟೆಯ ವಿಶ್ಲೇಷಕರೊಬ್ಬರು ಟೀಕಿಸಿದರು. ಅದರಿಂದ ಷೇರು ಮಾರಾಟವೇನೂ ನಿಲ್ಲಲಿಲ್ಲ. ಅದೇ ಝುಕರ್‌ಬರ್ಗ್ 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಗಳ ಮುಂದೆ ಉತ್ತರ ಕೊಡಲು ಕುಳಿತಾಗ ಸೂಟು ತೊಟ್ಟು ಟೈ ಕಟ್ಟಿದ್ದರು. ಕೊಡುವ ಸ್ಥಾನದಲ್ಲಿದ್ದಾಗ ಒಂದು ಉಡುಪು, ಕೈಕಟ್ಟಿ ಉತ್ತರಿಸುವಾಗ ಇನ್ನೊಂದು. ಕೆಲಸ ಕೇಳಿಕೊಂಡು ಬರುವ ಹುಡುಗ ಯಾವಾಗಲೂ ಎರಡನೆಯ ಸ್ಥಾನದಲ್ಲೇ ಇರುತ್ತಾನೆ.

ಬೆಂಗಳೂರಿನ ಅನುಭವವನ್ನೇ ನೋಡಿ. ಒಂದು ಕಾಲಕ್ಕೆ ಸಾಫ್ಟ್‌ವೇರ್ ಉದ್ಯೋಗಿ ಎಂದರೆ ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಟೈ ಎಂಬುದು ಊರಿಗೆಲ್ಲ ಗೊತ್ತಿತ್ತು. 2015ರ ಜೂನ್‌ನಲ್ಲಿ ಇನ್ಫೊಸಿಸ್ ವಾರದ ಎಲ್ಲ ದಿನಗಳಲ್ಲೂ ಸಾದಾ ಉಡುಪಿಗೆ ಅವಕಾಶ ಕೊಟ್ಟಿತು. ಈ ನಗರದಲ್ಲಿ ದೊಡ್ಡ ಕಚೇರಿ ಹೊಂದಿರುವ ಗೋಲ್ಡ್‌ಮನ್ ಸ್ಯಾಕ್ಸ್ 2019ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ತನ್ನ ನಿಯಮವನ್ನು ಸಡಿಲಿಸಿತು. ಕೆಲಸದ ಸ್ಥಳಕ್ಕೆ ಯಾವುದು ಯುಕ್ತ, ಯಾವುದು ಅಲ್ಲ ಎಂಬುದು ನಮಗೆಲ್ಲ ತಿಳಿದೇ ಇದೆ ಎಂಬ ಅರ್ಥದ ಮಾತು ಆ ಸುತ್ತೋಲೆಯಲ್ಲಿತ್ತು. ತೊಡಕೆಲ್ಲ ಇರುವುದು ಈ ‘ನಮಗೆಲ್ಲ’ ಎಂಬ ಪದದಲ್ಲಿ. ಅಪ್ಪ-ಅಮ್ಮ ಕಚೇರಿಗೆ ಹೋಗುವುದನ್ನು ನೋಡುತ್ತ ಬೆಳೆದವರಿಗೆ ಅದು ತಿಳಿದಿರುತ್ತದೆ. ಸಿಂಧನೂರಿನಿಂದಲೋ ಹಿರಿಯೂರಿನಿಂದಲೋ ಬಂದ, ಮನೆಯಲ್ಲಿ ಮೊದಲ ಪದವೀಧರನಾದವನಿಗೆ ಅದನ್ನು ಹೇಳುವವರು ಯಾರು? ‘ಟೈ ಕಡ್ಡಾಯ’ ಎಂದು ಬರೆದಿದ್ದರೆ ಅವನು ಸಾಲ ಮಾಡಿಯಾದರೂ ಒಂದು ಟೈ ಕೊಳ್ಳುತ್ತಿದ್ದ. ‘ಸಂದರ್ಭಕ್ಕೆ ತಕ್ಕಂತೆ’ ಎಂದಾಗ ಏನು ಕೊಳ್ಳಬೇಕು?

ವಕೀಲರ ಕರಿಕೋಟನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದು ಹಳಿಯುವುದುಂಟು. ಹಳಿಯಬಹುದು. ಆದರೆ ಭಾರತೀಯ ವಕೀಲರ ಪರಿಷತ್ತಿನ ಆ ನಿಯಮ ಬರಹದಲ್ಲಿದೆ; ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳನ್ನು ಬಿಟ್ಟು ಉಳಿದೆಡೆ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲ ಎಂಬ ವಿನಾಯಿತಿಯೂ ಬರಹದಲ್ಲಿದೆ. 2020ರ ಮೇನಲ್ಲಿ ವಿಡಿಯೊ ವಿಚಾರಣೆಗಳು ನಡೆಯುತ್ತಿದ್ದಾಗ ಕೋಟು, ಗೌನು ಬೇಡ, ಬಿಳಿ ಅಂಗಿ ಅಥವಾ ಬಿಳಿ ಸೀರೆ, ಸಲ್ವಾರ್‌ನೊಡನೆ ಬಿಳಿ ಕೊರಳಪಟ್ಟಿ ಸಾಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಕೂಡ ಲಿಖಿತವಾಗಿಯೇ. ಬರೆದ ನಿಯಮವನ್ನು ಪ್ರಶ್ನಿಸಬಹುದು, ತಿದ್ದಿಸಬಹುದು. 2024ರ ಜುಲೈನಲ್ಲಿ ಪಂಚೆ ಉಟ್ಟಿದ್ದ ಹಾವೇರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನ ಬಾಗಿಲಲ್ಲೇ ತಡೆದಾಗ ರಾಜ್ಯವೇ ಸಿಡಿದೆದ್ದಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಬಾಗಿಲಲ್ಲಿ ಆದ ಅವಮಾನಕ್ಕೆ ಸಾಕ್ಷಿಗಳಿದ್ದರು. ಅಂಕಪಟ್ಟಿಯ ಒಂದು ಕಲಮಿನಲ್ಲಿ ಬಿದ್ದ ‘3’ಕ್ಕೆ ಸಾಕ್ಷಿ ಎಲ್ಲಿದೆ?

ಇಷ್ಟಕ್ಕೂ ನಮ್ಮ ಹವೆಗೆ ಕೋಟು ಸಲ್ಲದು. ಮೇ ತಿಂಗಳ ಕಲಬುರಗಿಯಲ್ಲಿ ಬ್ಲೇಜರ್ ತೊಟ್ಟು ಮಾತನಾಡುವವನ ಗಮನ ಸ್ಲೈಡಿನ ಮೇಲಿರುವುದಿಲ್ಲ, ಬೆನ್ನ ಮೇಲೆ ಇಳಿಯುವ ಬೆವರಿನ ಮೇಲಿರುತ್ತದೆ. ಈ ವಿಷಯದಲ್ಲಿ ಜಪಾನ್ ಮಾಡಿದ್ದು ಗಮನಾರ್ಹ. ಶಿಷ್ಟಾಚಾರದಲ್ಲಿ ನಮಗಿಂತ ಕಟ್ಟುನಿಟ್ಟಾದ ಆ ದೇಶ 2005ರಲ್ಲಿ ‘ಕೂಲ್ ಬಿಜ್’ ಎಂಬ ಅಭಿಯಾನ ಆರಂಭಿಸಿ, ಬೇಸಿಗೆಯಲ್ಲಿ ಕಚೇರಿಗಳ ಉಷ್ಣತೆಯನ್ನು 28 ಡಿಗ್ರಿಗೆ ನಿಗದಿಪಡಿಸಿತು. ಕೋಟು, ಟೈ ಬೇಡ ಎಂದಿತು. ಮೊದಲು ಟೈ ಬಿಚ್ಚಿದವರು ಪ್ರಧಾನಿ ಕೊಯಿಜುಮಿ ಮತ್ತು ಅವರ ಸಚಿವರು. 2011ರ ಭೂಕಂಪ, ಸುನಾಮಿಯ ನಂತರ ವಿದ್ಯುತ್ ಕೊರತೆ ಎದುರಾದಾಗ ಪೋಲೊ ಅಂಗಿಯೂ ಸರಿ, ಹವಾಯಿಯ ಹೂವಿನ ಅಂಗಿಯೂ ಸರಿ ಎಂದು ಅಲ್ಲಿನ ಪರಿಸರ ಸಚಿವಾಲಯ ಹೆಸರು ಹಿಡಿದೇ ಹೇಳಿತು. ಕೆಳಗಿನವರು ಊಹಿಸುತ್ತ ಕೂರಬೇಕಾಗಲಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಸೀರೆ ಉಟ್ಟರೆ ಹಳಬಳು, ಸೂಟು ತೊಟ್ಟರೆ ದರ್ಪದವಳು ಎನ್ನುವ ನೋಟ ಇಂದಿಗೂ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಕಕ್ಷೆ ಸೇರಿದ ದಿನ, ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಇಸ್ರೋ ಮಹಿಳೆಯರು ಸಂಭ್ರಮಿಸುತ್ತಿದ್ದ ಬೆಂಗಳೂರಿನ ಚಿತ್ರ ಜಗತ್ತನ್ನು ಸುತ್ತಿತು. ಅದನ್ನು ಹೆಮ್ಮೆಯಿಂದ ಹಂಚಿಕೊಂಡ ನಾವೇ ಗ್ರಾಹಕರೆದುರು ಮಾತನಾಡಲು ಹೊರಟ ಹುಡುಗಿಗೆ ‘ವೆಸ್ಟರ್ನ್ ಫಾರ್ಮಲ್ಸ್ ಇದ್ದರೆ ಒಳ್ಳೆಯದು’ ಎನ್ನುತ್ತೇವೆ. ವೇದಿಕೆಯ ಕಾಲರ್ ಮೈಕನ್ನೇ ಗಮನಿಸಿ: ಅದರ ಪೆಟ್ಟಿಗೆ ಸಿಕ್ಕಿಸಲು ಸೊಂಟದಲ್ಲಿ ಬೆಲ್ಟು ಬೇಕು, ಮೈಕಿಗೆ ಕಾಲರ್ ಬೇಕು. ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ಭಾಷಣಕಾರ ಯಾರೆಂದು ಬೇರೆ ಹೇಳಬೇಕಿಲ್ಲ.

ಹಾಗೆಂದು ಉಡುಪು ಮುಖ್ಯವಲ್ಲ ಎಂದು ವಾದಿಸುವುದು ಆಷಾಢಭೂತಿತನವಾದೀತು. ಮುದುಡಿದ ಅಂಗಿ, ಕಳಚಿದ ಗುಂಡಿ ಎದುರಿನವರ ಸಮಯಕ್ಕೆ ತೋರುವ ಅಗೌರವ ಎಂಬುದು ಸರಿಯೇ. ತೊಳೆದು ಇಸ್ತ್ರಿ ಮಾಡಿದ, ಮೈಗೆ ಹೊಂದುವ, ಮಾತಿನ ನಡುವೆ ಪದೇ ಪದೇ ಸರಿಪಡಿಸಿಕೊಳ್ಳಬೇಕಾಗದ ಬಟ್ಟೆಯನ್ನು ಯಾರಿಂದಲೂ ನಿರೀಕ್ಷಿಸಬಹುದು. ಅದಕ್ಕೆ ಕೋಟೇ ಆಗಬೇಕಿಲ್ಲ. 2019ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ಚಳಿಯಲ್ಲಿ ಅಭಿಜಿತ್ ಬ್ಯಾನರ್ಜಿ ಪಂಚೆಯಲ್ಲಿ, ಎಸ್ತರ್ ಡುಫ್ಲೊ ಸೀರೆಯಲ್ಲಿ ನೊಬೆಲ್ ಪಡೆದರು.

ಕಂಪನಿಗಳು ಸಂದರ್ಶನಕ್ಕೋ ಮಂಡನೆಗೋ ಕರೆಯುವ ಪತ್ರದಲ್ಲಿ ಎರಡು ಸಾಲು ಹೆಚ್ಚು ಬರೆಯಲಿ: ಏನು ತೊಡಬೇಕು, ಯಾವುದು ಬೇಕಿಲ್ಲ. ‘ಕೋಟು ಅಗತ್ಯವಿಲ್ಲ’ ಎಂಬ ಎರಡು ಪದ ಎಷ್ಟೋ ಮನೆಗಳ ತಿಂಗಳ ಖರ್ಚನ್ನು ಉಳಿಸೀತು. ಕಾಲೇಜುಗಳು ಅಂಕಪಟ್ಟಿಯಿಂದ ಆ ಹತ್ತು ಅಂಕಗಳನ್ನು ತೆಗೆಯಲಿ. ಕೋಟು ಬೇಕೇ ಬೇಕು ಎನ್ನುವ ಕಾಲೇಜುಗಳು, ಪ್ರಯೋಗಾಲಯದ ಉಪಕರಣಗಳನ್ನು ಇಟ್ಟುಕೊಳ್ಳುವಂತೆ, ಬೇರೆ ಬೇರೆ ಅಳತೆಯ ಹತ್ತಾರು ಕೋಟುಗಳನ್ನು ತಾವೇ ಹೊಲಿಸಿ ಉದ್ಯೋಗ ಮಾರ್ಗದರ್ಶನ ವಿಭಾಗದ ಬೀರುವಿನಲ್ಲಿ ಇಡಲಿ. ಬೀಗದ ಕೈ ಮಾತ್ರ ವಿದ್ಯಾರ್ಥಿಗಳ ಕೈಗೆ ಎಟುಕುವಂತಿರಲಿ.