ಕತ್ತಲೆಯ ಊರಿಗೆ ಏಕೆ ಹೋಗಬೇಕು?

ದೇಶ ಸುತ್ತು, ಇಲ್ಲವೆ ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತಿ ಬಂದ ಕೆಲವರ ವರ್ಣನೆಯನ್ನು ಕೇಳಿದಾಗ, ಇವರು ಕೋಶವನ್ನೂ ಸ್ವಲ್ಪ ಓದಿಕೊಂಡು ಹೋಗಿದ್ದರೆ ಚೆನ್ನಾಗಿತ್ತೆಂದು ಅನ್ನಿಸುವುದುಂಟು. ನಾರ್ವೆ ದೇಶದ ಉತ್ತರ ಕರಾವಳಿಯಲ್ಲಿರುವ ಟ್ರೊಮ್ಸೊ ನಗರದ ಚಳಿಗಾಲದ ಯಾತ್ರೆ ಇದಕ್ಕೊಂದು ಒಳ್ಳೆಯ ನಿದರ್ಶನ. ಈಚಿನ ವರ್ಷಗಳಲ್ಲಿ ಜಗತ್ತಿನ ನಾನಾ ಮೂಲೆಗಳಿಂದ ಜನರು ನಡುಚಳಿಗಾಲದಲ್ಲಿ ಅಲ್ಲಿಗೆ ಹೋಗುತ್ತಾರೆ. ಬಹುಮಂದಿಯ ಉದ್ದೇಶ ಒಂದೇ: ಆಕಾಶದಲ್ಲಿ ಹಸಿರು ಸೆರಗಿನಂತೆ ಬೀಸುವ ಧ್ರುವಪ್ರಭೆಯನ್ನು ನೋಡಬೇಕು. ಮೂರು ರಾತ್ರಿ ಕಾದರೂ ಮೋಡ ಸರಿಯದಿದ್ದರೆ, ಹಣವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಮರುಗುತ್ತ ಹಿಂದಿರುಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರು ನೋಡಬೇಕಾದುದರಲ್ಲಿ ಹೆಚ್ಚಿನದು ಆಕಾಶದಲ್ಲಿಲ್ಲ, ಊರಿನಲ್ಲಿದೆ.

ಧ್ರುವಪ್ರಭೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸೂರ್ಯನಿಂದ ಹೊರಟ ವಿದ್ಯುತ್ಕಣಗಳು ಭೂಮಿಯ ಅಯಸ್ಕಾಂತ ಕ್ಷೇತ್ರದ ದಾರಿ ಹಿಡಿದು ಬಂದು, ನೂರು ಕಿಲೋಮೀಟರಿಗೂ ಮೇಲಿನ ವಾಯುವನ್ನು ತಾಕಿದಾಗ ಆಮ್ಲಜನಕ ಹಸಿರಾಗಿ ಬೆಳಗುತ್ತದೆ. ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲ್ಯಾಂಡರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ, ಗಾಜಿನ ಪೆಟ್ಟಿಗೆಯೊಳಗೆ ಒಂದು ಅಯಸ್ಕಾಂತದ ಗೋಳವನ್ನಿಟ್ಟು, ಈ ಬೆಳಕಿನ ಒಂದು ಸಣ್ಣ ಮಾದರಿಯನ್ನು ಮಾಡಿ ತೋರಿಸಿದ್ದರು. ಅಂಥ ದೃಶ್ಯವನ್ನು ಕಾಣುವುದು ಭಾಗ್ಯವೇ ಸರಿ. ಆದರೆ ಅದು ಯಾರ ಟಿಕೆಟಿನ ಹಂಗಿಗೂ ಒಳಪಟ್ಟದ್ದಲ್ಲ.

ಟ್ರೊಮ್ಸೊ ನಗರ ಧ್ರುವವೃತ್ತದಿಂದ ಸುಮಾರು 350 ಕಿಲೋಮೀಟರು ಉತ್ತರಕ್ಕಿದೆ. ಊರಿನ ಮುಖ್ಯಭಾಗ ಒಂದು ದ್ವೀಪದ ಮೇಲಿದೆ. ನವೆಂಬರ್ ಕೊನೆಯಿಂದ ಜನವರಿಯ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಬೆಟ್ಟಗಳು ಅಡ್ಡವಾಗಿರುವುದರಿಂದ ಪೇಟೆಯ ಜನಕ್ಕೆ ಅವನ ದರ್ಶನವಾಗುವುದು ಜನವರಿ 21ರ ಸುಮಾರಿಗೆ. ಆದರೂ ಅದು ನಾವು ಊಹಿಸುವಂಥ ಕಗ್ಗತ್ತಲೆಯಲ್ಲ. ನಡುಹಗಲಿನಲ್ಲಿ ಕೆಲವು ಗಂಟೆ ಕಾಲ ಮುಸ್ಸಂಜೆಯ ನೀಲಿ ಬೆಳಕು ಹಿಮದ ಮೇಲೆ ಹರಡಿರುತ್ತದೆ. ಚಳಿಯ ಸಂಗತಿ ಇನ್ನೂ ವಿಚಿತ್ರ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 4 ಡಿಗ್ರಿ ಮಾತ್ರ ಕೆಳಗೆ. ಇದಕ್ಕಿಂತ ಎಷ್ಟೋ ದಕ್ಷಿಣಕ್ಕಿರುವ ಸೈಬೀರಿಯದ ಯಾಕುತ್ಸ್ಕ್ ನಗರದಲ್ಲಿ ಅದೇ ತಿಂಗಳಲ್ಲಿ ಆ ಸರಾಸರಿ ಸೊನ್ನೆಗಿಂತ 35 ಡಿಗ್ರಿಗೂ ಕೆಳಗಿಳಿಯುತ್ತದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ನಾರ್ವೆಯ ದಂಡೆಯನ್ನು ಸವರಿಕೊಂಡು ಹೋಗುವುದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಬಂದರಿನ ನೀರು ಹೆಪ್ಪುಗಟ್ಟುವುದಿಲ್ಲ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನುಗಳು ಮೊಟ್ಟೆಯಿಡಲು ಆ ಕರಾವಳಿಗೆ ಬರುವುದೂ ಚಳಿಗಾಲದಲ್ಲಿಯೇ. ನಮಗೆ ಹೊರಗೆ ಕಾಲಿಡಲು ಅಂಜಿಕೆ ಹುಟ್ಟಿಸುವ ಕಾಲ ಅಲ್ಲಿನ ಬೆಸ್ತರಿಗೆ ಸುಗ್ಗಿಯ ಕಾಲ!

ಇದೇ ಬೆಚ್ಚನೆಯ ಕಡಲು ಮೋಡವನ್ನೂ ಹಿಮವನ್ನೂ ಧಾರಾಳವಾಗಿ ಕಳುಹಿಸುತ್ತದೆ. 1997ರ ಏಪ್ರಿಲ್ 29ರಂದು ಅಲ್ಲಿ ಹಿಮ 240 ಸೆಂಟಿಮೀಟರು ಆಳಕ್ಕೆ ಬಿದ್ದಿದ್ದಿತು. ಅಂದರೆ, ಆ ಊರನ್ನು ಬದುಕಿಸಿದ ಕಡಲೇ ಪ್ರವಾಸಿಗನ ಕಣ್ಣಿಗೆ ಆಕಾಶವನ್ನು ಮರೆಮಾಡುತ್ತದೆ. ಇಷ್ಟನ್ನು ತಿಳಿದು ಹೋದವನು ಮೋಡವನ್ನು ಬಯ್ಯಲಾರನು.

ಇನ್ನು ಊರಿನ ಮಾತು. ಪ್ರಕೃತಿ ಕೊಟ್ಟದ್ದು ಬೆಚ್ಚನೆಯ ನೀರು ಮಾತ್ರ. ಉಳಿದುದೆಲ್ಲ ಮನುಷ್ಯರು ಯೋಚಿಸಿ ಮಾಡಿಕೊಂಡದ್ದು. ಕತ್ತಲೆಯಲ್ಲಿ ಜನ ಮನೆಯೊಳಗೆ ಮುದುಡಿ ಕೂರಬಾರದೆಂದು ಕಾಡಿನ ನಡುವೆ ಹಿಮದ ಮೇಲೆ ಜಾರುವ ದಾರಿಗಳಿಗೆ ಸಾಲುದೀಪ ಹಾಕಿದ್ದಾರೆ. ಹಳೆಯ ಚಿತ್ರಮಂದಿರವೊಂದರ ಕಮಾನು ಛಾವಣಿಯನ್ನು ಉಳಿಸಿಕೊಂಡು, ಅದರಡಿಯಲ್ಲಿ ಗಾಜಿನ ಗೋಡೆಗಳ ಸಾರ್ವಜನಿಕ ಗ್ರಂಥಾಲಯವನ್ನು 2005ರಲ್ಲಿ ತೆರೆದರು. 1991ರಲ್ಲಿ ಪ್ರಾರಂಭವಾದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವನ್ನು ಅವರು ನಡೆಸುವುದು ಬೇಸಗೆಯಲ್ಲಲ್ಲ, ಜನವರಿಯಲ್ಲಿ. ಸೂರ್ಯ ಮರಳಿ ಬಂದ ದಿನ ಸಿಹಿ ಬನ್ನುಗಳನ್ನು ತಿಂದು ಸಂಭ್ರಮಪಡುತ್ತಾರೆ. ಕತ್ತಲೆಯನ್ನು ಗೆದ್ದೆವೆಂಬ ಜಂಬ ಇದರಲ್ಲಿಲ್ಲ. ಅದರ ಜೊತೆ ಸಂಸಾರ ಮಾಡುವ ಹದವಿದೆ.

ಎಲ್ಲಕ್ಕಿಂತ ಮಿಗಿಲಾಗಿ, ವಿದ್ಯಾರ್ಥಿಗಳಾದ ನಾವು ಮನಸ್ಸಿನಲ್ಲಿಡಬೇಕಾದುದು ಅಲ್ಲಿನ ವಿಶ್ವವಿದ್ಯಾನಿಲಯದ ಕಥೆ. ಉತ್ತರ ನಾರ್ವೆಯಲ್ಲಿ ಬಹುಕಾಲ ವೈದ್ಯರಿಗೂ ಉಪಾಧ್ಯಾಯರಿಗೂ ಬರವಿದ್ದಿತು. ಓದಲು ದಕ್ಷಿಣಕ್ಕೆ ಹೋದ ಹುಡುಗರು ಹಿಂದಿರುಗುತ್ತಿದ್ದುದು ಕಡಮೆ. 1968ರಲ್ಲಿ ನಾರ್ವೆಯ ಸಂಸತ್ತು ಟ್ರೊಮ್ಸೊದಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಲು ತೀರ್ಮಾನಿಸಿತು. 1972ರಲ್ಲಿ ಅದು ಬಾಗಿಲು ತೆರೆಯಿತು. ಅಷ್ಟು ದೂರದ ಊರಿನಲ್ಲಿ ವೈದ್ಯಶಾಸ್ತ್ರವನ್ನು ಕಲಿಸಲಾದೀತೆ ಎಂದು ಸಂದೇಹಪಟ್ಟವರು ಇಲ್ಲದಿರಲಿಲ್ಲ. ಆದರೆ ಅಲ್ಲಿ ಕಲಿತು ಹೊರಬಂದ ಮೊದಲ ತಂಡಗಳ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉತ್ತರದಲ್ಲೇ ನೆಲೆನಿಂತರು. ಉತ್ತರದಲ್ಲೇ ಹುಟ್ಟಿ ಬೆಳೆದವರಲ್ಲಂತೂ ಬಹುಪಾಲು ಜನ ಉಳಿದುಕೊಂಡರು. ವೈದ್ಯರನ್ನು ಕರೆತರುವ ಬದಲು ವೈದ್ಯರಾಗುವ ದಾರಿಯನ್ನೇ ಊರಿಗೆ ತಂದದ್ದರ ಫಲವಿದು.

"ಅದು ಎಣ್ಣೆಯ ಹಣವುಳ್ಳ ದೇಶ, ಅವರಿಗೇನು ಕಷ್ಟ?" ಎಂದು ಯಾರಾದರೂ ಕೇಳಬಹುದು. ಇಂದಿನ ಅನುಕೂಲಗಳಲ್ಲಿ ಆ ಹಣದ ಪಾಲಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ತಾರೀಖುಗಳನ್ನು ನೋಡೋಣ. ದ್ವೀಪವನ್ನು ಒಳನಾಡಿಗೆ ಕೂಡಿಸಿದ ಸಾವಿರ ಮೀಟರಿಗೂ ಉದ್ದದ ಸೇತುವೆ ಮುಗಿದದ್ದು 1960ರಲ್ಲಿ. ಆಚೆಯ ದಡದಲ್ಲಿ ಹಿಮಗಡ್ಡೆಯ ರಾಶಿಯಂತೆ ಕಾಣುವ ಚರ್ಚನ್ನು ಕಟ್ಟಿದ್ದು 1965ರಲ್ಲಿ. ವಿಶ್ವವಿದ್ಯಾನಿಲಯದ ತೀರ್ಮಾನವಾದದ್ದು 1968ರಲ್ಲಿ. ನಾರ್ವೆಗೆ ಸಂಪತ್ತಿನ ಬಾಗಿಲು ತೆರೆದ ಎಕೊಫಿಸ್ಕ್ ಎಣ್ಣೆಯ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ! ಸಂಕಲ್ಪ ಮೊದಲು ಬಂದಿತು, ಸಂಪತ್ತು ಆಮೇಲೆ.

ಹಾಗೆಂದು ಆ ನಾಡನ್ನು ಸ್ವರ್ಗವೆಂದು ಹೊಗಳಿಬಿಡುವುದೂ ತರವಲ್ಲ. ಟ್ರೊಮ್ಸೊ ನಗರಕ್ಕೆ ಸಾಮಿ ಭಾಷೆಯಲ್ಲಿ ರೊಮ್ಸಾ ಎಂಬ ಹೆಸರೂ ಉಂಟು. ಹಿಮಸಾರಂಗಗಳನ್ನು ಸಾಕುವ, ಕಡಲಲ್ಲಿ ಮೀನು ಹಿಡಿಯುವ ಸಾಮಿ ಜನ ಆ ಪ್ರಾಂತದ ಮೂಲನಿವಾಸಿಗಳು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ನೂರು ವರ್ಷಗಳ ಕಾಲ ಸರ್ಕಾರದ ಶಾಲೆಗಳು ಅವರ ಮಕ್ಕಳ ಬಾಯಿಂದ ತಾಯ್ನುಡಿಯನ್ನು ಕಿತ್ತುಕೊಳ್ಳಲು ಯತ್ನಿಸಿದವು. ಈ ಅನ್ಯಾಯವನ್ನು ಶೋಧಿಸಿದ ಆಯೋಗದ ವರದಿ ಸಂಸತ್ತಿನ ಕೈಸೇರಿದ್ದು 2023ರ ಜೂನ್ 1ರಂದು. ಸಂಸತ್ತು ಕ್ಷಮೆ ಕೇಳಿದ್ದು 2024ರ ನವೆಂಬರಿನಲ್ಲಿ. ಈಗ ಫೆಬ್ರವರಿ 6ರಂದು ಸಾಮಿ ಜನರ ರಾಷ್ಟ್ರೀಯ ದಿನವನ್ನು ಆಚರಿಸುತ್ತಾರೆ. ಆ ದಿನಗಳಲ್ಲಿ ಟ್ರೊಮ್ಸೊದ ಮುಖ್ಯ ಬೀದಿಯಲ್ಲೇ ಹಿಮಸಾರಂಗಗಳ ಓಟ ನಡೆಯುತ್ತದೆ. ಅದನ್ನು ತಮಾಷೆಯೆಂದು ನೋಡಿ ಬರುವವನಿಗೂ, ಹಿಂದಿನ ಕಥೆ ತಿಳಿದು ನೋಡುವವನಿಗೂ ವ್ಯತ್ಯಾಸವಿದೆ. ಸೂರ್ಯನಿಲ್ಲದ ಎರಡು ತಿಂಗಳನ್ನು ಸಹಿಸುವ ಉಪಾಯವನ್ನು ಕಂಡುಕೊಂಡ ಸಮಾಜಕ್ಕೆ, ನೆರೆಯವನ ಭಾಷೆಯನ್ನು ಸಹಿಸಲು ಇಷ್ಟು ಕಾಲ ಬೇಕಾಯಿತು ಎಂಬುದನ್ನೂ ಯಾತ್ರಿಕನು ಗಮನಿಸಬೇಕು.

ಆದಕಾರಣ, ನಮ್ಮಲ್ಲಿ ಯಾರಿಗಾದರೂ ಆ ಊರಿಗೆ ಹೋಗುವ ಅವಕಾಶ ಒದಗಿದರೆ, ಚಳಿಗಾಲದಲ್ಲೇ ಹೋಗಲಿ ಎಂಬುದು ನನ್ನ ಸಲಹೆ. ಬೇಸಗೆಯಲ್ಲಿ ಯಾವ ಊರಾದರೂ ಚೆನ್ನಾಗಿ ಕಾಣುತ್ತದೆ; ಊರಿನ ಯೋಗ್ಯತೆ ತಿಳಿಯುವುದು ಕಷ್ಟಕಾಲದಲ್ಲಿ. ರಾತ್ರಿ ಆಕಾಶವನ್ನು ನೋಡಲಿ. ಹಗಲೆಂಬ ಆ ನೀಲಿ ಮಬ್ಬಿನಲ್ಲಿ ಗ್ರಂಥಾಲಯಕ್ಕೂ ಬಂದರಿಗೂ ವಿಶ್ವವಿದ್ಯಾನಿಲಯಕ್ಕೂ ಹೋಗಿ ಬರಲಿ. ಹೋಗಲಾಗದ ನಮ್ಮಂಥವರಿಗೆ ಕೋಶವಿದೆ. ದೂರದ ಊರೆಂದು ಕೈಬಿಡದೆ, ದೂರವೆಂಬ ಕಾರಣಕ್ಕಾಗಿಯೇ ಅಲ್ಲಿಗೆ ವಿದ್ಯೆಯನ್ನು ಕೊಂಡೊಯ್ದ ಆ ಯೋಚನೆ ಸರ್ಕಾರಿ ಕಾಲೇಜಿನಲ್ಲಿ ಓದುವ ನಮಗೆ ಪರಕೀಯವಾಗಬಾರದು. ಅದನ್ನು ಅರ್ಥಮಾಡಿಕೊಳ್ಳಲು ವಿಮಾನ ಹತ್ತಬೇಕಾಗಿಲ್ಲ.