ಯಾರ ಕರ್ತವ್ಯ? ಯಾರ ಅಡ್ಡಿ?



ಹಾಸ್ಟೆಲಿನ ಅನ್ನದಲ್ಲಿ ಹುಳ ಇದೆ ಅಂತ ತಟ್ಟೆ ಹಿಡಿದು ರಸ್ತೆಗೆ ಇಳಿದರೆ ಮೊದಲು ವ್ಯಾನು ಬರುತ್ತದೆ, ಆಮೇಲೆ ಲಾಠಿ, ರಾತ್ರಿಯೊಳಗೆ ಒಂದು ಎಫ್‌ಐಆರ್: 'ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ.' ಏಟು ತಿಂದವರು ನಾವು. ಅಡ್ಡಿ ಮಾಡಿದವರೂ ನಾವೇ!

ಈ ಸೆಕ್ಷನ್ನಿನ ಹಳೇ ನಂಬರು 353. 1860ರಲ್ಲಿ ಬಿಳಿ ದೊರೆ ತನ್ನ ನೌಕರರನ್ನು ಕಾಯಲು ಬರೆಸಿದ್ದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 132. ಶಿಕ್ಷೆ ಅದೇ ಎರಡು ವರ್ಷದ ತನಕ, ಠಾಣೆಯಲ್ಲಿ ಜಾಮೀನಿಲ್ಲ. ಪೊಲೀಸಿನವನಿಗೆ ಗಾಯ ಆಯ್ತು ಅಂದರೆ ಬೇರೆ ಸೆಕ್ಷನ್ನು. ಹಿಂದೆ ಮೂರು ವರ್ಷ ಇದ್ದದ್ದು ಈಗ ಐದು. ಗುಲಾಮಗಿರಿಯ ಕಾನೂನು ಕಿತ್ತೆವು ಅಂದವರು ಈ ಗಿಡ ಕೀಳಲಿಲ್ಲ, ಗೊಬ್ಬರ ಹಾಕಿದರು.

ಶಿಕ್ಷೆ ಹಾಗಿರಲಿ, ಕೇಸೇ ಸಾಕು. ಕೂಲಿ ಮಾಡಿ ಓದಿಸಿದ ಅವ್ವನ ಮಗನಿಗೆ ನೌಕರಿ ಬಂದಾಗ ನಡತೆ ವಿಚಾರಿಸುವ ಕಾಗದ ಹೋಗುವುದು ಎಲ್ಲಿಗೆ? ಅದೇ ಠಾಣೆಗೆ.

ಆದ್ದರಿಂದ ಸೆಕ್ಷನ್ನಿನ ಒಳಗೇನಿದೆ ನೋಡೋಣ. (ಬಿ.ಎ. ಓದಿದ್ದಕ್ಕೆ ಇಷ್ಟಾದರೂ ಆಗಲಿ.) ಅದಕ್ಕೆ ಬೇಕಾದ್ದು ಹಲ್ಲೆ, ಇಲ್ಲವೆ ಬಲಪ್ರಯೋಗ. ಬರೀ ಮಾತು ಹಲ್ಲೆಯಲ್ಲ ಅಂತ ಅದೇ ಸಂಹಿತೆ ಹೇಳುತ್ತದೆ. ಬೆಂಗಳೂರು ಟ್ರಾಫಿಕ್ ಪೊಲೀಸರ ಫೇಸ್‌ಬುಕ್ಕಿನಲ್ಲಿ ದೂರಿ ಬರೆದ ಗಂಡ ಹೆಂಡಿರ ಮೇಲೂ 353 ಜಡಿದಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು ಕೇಸನ್ನೇ ರದ್ದು ಮಾಡಿತು. ಅವರಿಗೆ ದಿಲ್ಲಿ ತನಕ ಹೋಗೋ ಶಕ್ತಿ ಇತ್ತು. ಕೇರಿಯ ಹುಡುಗನಿಗೆ ತಾಲ್ಲೂಕು ಕೋರ್ಟಿನ ಬಸ್ ಚಾರ್ಜೇ ಭಾರ.

ಇನ್ನು ಆತ್ಮರಕ್ಷಣೆ. ಅಧಿಕಾರಿ 'ಸದ್ಭಾವನೆಯಿಂದ' ಹುದ್ದೆಯ ಹೆಸರಲ್ಲಿ ಮಾಡಿದ್ದು ಕಾನೂನಿಗೆ ಪೂರ್ತಿ ಹೊಂದದಿದ್ದರೂ, ಸಾವು ಅಥವಾ ತೀವ್ರ ಗಾಯದ ಭಯ ಇಲ್ಲದಿದ್ದರೆ ನಾವು ಕೈ ಎತ್ತುವಂತಿಲ್ಲ. ಇದು ಸೆಕ್ಷನ್ 37, ಹಿಂದಿನ 99. ಸದ್ಭಾವನೆಯಂತೆ! 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ನೀರು ಕೇಳಿದ್ದಕ್ಕೆ ಮೂತ್ರ ನೆಕ್ಕಿಸಿದರು ಅಂತ ನಮ್ಮ ಹುಡುಗನೊಬ್ಬ ದೂರು ಕೊಟ್ಟ. ಆ ಸಬ್ ಇನ್‌ಸ್ಪೆಕ್ಟರನ ಬಂಧನಕ್ಕೆ ಸೆಪ್ಟೆಂಬರು ಬರಬೇಕಾಯ್ತು. ನಮ್ಮನ್ನು ಹಿಡಿಯಲು ಒಂದು ಸಂಜೆ ಸಾಕು.

ತಕ್ಕಡಿ ನೋಡಿ. ನಮ್ಮ ದೂರು ಬೇಕೆಂದೇ ಬರೆದುಕೊಳ್ಳದ ಮೇಲ್ಜಾತಿ ಅಧಿಕಾರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಜೈಲು. ಆದರೆ ಅವನ ಮೇಲೆ ಕೇಸಾಗಲು ಮೊದಲು ಆಡಳಿತ ವಿಚಾರಣೆ ನಡೆದು ಶಿಫಾರಸು ಆಗಬೇಕು. ನಮ್ಮ ಮೇಲೆ ಕೇಸಾಗಲು? ಪೇದೆಯ ಒಂದು ಕಾಗದ.

ಕಲ್ಲು ಎತ್ತಿ ಅಂತ ನಾವು ಹೇಳುತ್ತಿಲ್ಲ. ಅವರು ಕಾಯುವುದೇ ಆ ಕಲ್ಲಿಗೆ. ಹಿಡಿಯಲು ಬಂದವನ ಎದೆ ಮೇಲೆ ಹೆಸರು ಕಾಣಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ರುಜು ಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲೇ ಬಸು ಪ್ರಕರಣದಲ್ಲಿ ಹೇಳಿದೆ. ವ್ಯಾನು ಹತ್ತುವ ಮುಂಚೆ ಹೆಸರು ಓದಿಕೊಳ್ಳಿ, ಗಂಟೆ ಬರೆದುಕೊಳ್ಳಿ. ಮ್ಯಾಜಿಸ್ಟ್ರೇಟರು 'ಹೊಡೆದರಾ?' ಅಂದಾಗ ತಲೆ ತಗ್ಗಿಸಬೇಡಿ, ಅಂಗಿ ಎತ್ತಿ ಬೆನ್ನು ತೋರಿಸಿ.