ಬಾಯಿಮಾತಿನ ಉದ್ಯಮ

ನಮ್ಮ ನಗರಗಳಲ್ಲಿ ಒಂದು ಕೋಣೆಯನ್ನು ಹನ್ನೊಂದು ತಿಂಗಳ ಬಾಡಿಗೆಗೆ ಹಿಡಿಯುವವನು ಸಹ ಛಾಪಾಕಾಗದದ ಮೇಲೆ ಕರಾರು ಬರೆಯಿಸಿ, ಸಾಕ್ಷಿಗಳ ರುಜು ಹಾಕಿಸಿ, ಅದರ ಪ್ರತಿಯನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಡುತ್ತಾನೆ. ಆದರೆ ತನ್ನ ಬುದ್ಧಿಯನ್ನೂ ಕಣ್ಣನ್ನೂ ನಿದ್ರೆಯನ್ನೂ ಆರು ತಿಂಗಳ ಕಾಲ ಒಂದು ಚಲಚ್ಚಿತ್ರಕ್ಕೆ ಒಪ್ಪಿಸುವ ಸಂಕಲನಕಾರನಾಗಲಿ, ಸಂಭಾಷಣೆ ಬರೆಯುವವನಾಗಲಿ, ಧ್ವನಿ ಜೋಡಿಸುವವನಾಗಲಿ ಒಂದು ಸಾಲಿನ ಬರಹವನ್ನೂ ಕೇಳದೆ ಕೆಲಸಕ್ಕೆ ತೊಡಗುವುದು ನಮ್ಮಲ್ಲಿ ಸರ್ವಸಾಧಾರಣವಾಗಿದೆ. “ನಮ್ಮವರೇ ಅಲ್ಲವೆ, ಆಮೇಲೆ ನೋಡಿಕೊಳ್ಳೋಣ” ಎಂಬ ಮಾತೇ ಅವನಿಗೆ ಮುಂಗಡ, ಅದೇ ಕರಾರು, ಅದೇ ವಿಮೆ. ಚಲಚ್ಚಿತ್ರ, ಧಾರಾವಾಹಿ, ಜಾಹೀರಾತು, ಅಂತರ್ಜಾಲದ ಕಿರುಚಿತ್ರ ಎಂದು ಎಲ್ಲೆಡೆಯೂ ಹಬ್ಬಿರುವ ಈ ಬಾಯಿಮಾತಿನ ಪದ್ಧತಿಯನ್ನು ಕೈಬಿಡುವವರೆಗೆ ನಮ್ಮ ದೃಶ್ಯಮಾಧ್ಯಮವು ಉದ್ಯಮವೆಂಬ ಹೆಸರಿಗೆ ಅರ್ಹವಾಗಲಾರದೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯವಾಗಿದೆ.

ಕಲೆಯು ಕಿರಾಣಿ ಅಂಗಡಿಯ ಲೆಕ್ಕವಲ್ಲ, ಅಲ್ಲಿ ವಿಶ್ವಾಸವೇ ಮುಖ್ಯವೆಂದು ಹೇಳುವವರುಂಟು. ವಿಶ್ವಾಸದ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಿಜವಾದ ವಿಶ್ವಾಸಕ್ಕೆ ಬರಹದಿಂದ ಯಾವ ಹಾನಿಯೂ ಇಲ್ಲ. ಕೆಲಸದ ಮೊದಲ ದಿನ ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು. ನೂರನೆಯ ದಿನದ ಹೊತ್ತಿಗೆ ಇಬ್ಬರ ನೆನಪೂ ಬೇರೆ ಬೇರೆ ದಾರಿ ಹಿಡಿದಿರುತ್ತದೆ. ಎರಡು ಬಾರಿ ತಿದ್ದುವೆನೆಂದು ಒಪ್ಪಿದ್ದೆನೆಂದು ಒಬ್ಬನೂ, ತೃಪ್ತಿಯಾಗುವವರೆಗೆ ತಿದ್ದಬೇಕೆಂದು ಹೇಳಿದ್ದೆನೆಂದು ಇನ್ನೊಬ್ಬನೂ ಹಟ ಹಿಡಿಯುತ್ತಾರೆ. ಚಿತ್ರ ಸೋತರೆ ಕೊಡಲು ಹಣವಿಲ್ಲ. ಗೆದ್ದರೆ ಕೊಡಬೇಕೆಂಬ ನೆನಪಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರನೆಂಬ ಗಾದೆಯು ಸಾಲದ ವಿಷಯದಲ್ಲಿ ಹುಟ್ಟಿದ್ದರೂ ದುಡಿಮೆಯ ವಿಷಯಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ.

ಕಾಯಿದೆಯಂತೂ ಈ ವಿಷಯದಲ್ಲಿ ಮೌನವಾಗಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಹಕ್ಕಿನ ವರ್ಗಾವಣೆಯು ಬರಹದಲ್ಲಿದ್ದು, ಕೊಡುವವನ ಅಥವಾ ಅವನ ಪ್ರತಿನಿಧಿಯ ರುಜು ಹೊಂದಿರದಿದ್ದರೆ ಅದು ಸಿಂಧುವಲ್ಲ. ಅವಧಿಯನ್ನು ಬರೆಯದಿದ್ದಲ್ಲಿ ಅದು 5 ವರ್ಷಗಳಿಗೆ ಮಾತ್ರವೆಂದೂ, ಪ್ರದೇಶವನ್ನು ಬರೆಯದಿದ್ದಲ್ಲಿ ಭಾರತದ ಮಟ್ಟಿಗೆ ಮಾತ್ರವೆಂದೂ ಭಾವಿಸತಕ್ಕದ್ದು. 2012ರ ತಿದ್ದುಪಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚಲಚ್ಚಿತ್ರಕ್ಕೆ ಗೀತೆ ಬರೆದವನೂ ರಾಗ ಹಾಕಿದವನೂ, ಆ ಹಾಡು ಚಿತ್ರಮಂದಿರದಲ್ಲಿ ಚಿತ್ರದೊಡನೆ ಪ್ರದರ್ಶಿತವಾಗುವುದನ್ನು ಬಿಟ್ಟು ಬೇರೆ ಕಡೆಗಳಲ್ಲಿ ಬಳಕೆಯಾದಾಗ ಬರುವ ಗೌರವಧನದಲ್ಲಿ ಸಮಪಾಲಿಗೆ ಹಕ್ಕುದಾರರು. ಈ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವು ಕರ್ತೃವಿಗೆ ಉಳಿದೇ ಇರುತ್ತದೆ.

ಆದರೆ ಛಾಯಾಗ್ರಾಹಕನೂ ಸಂಕಲನಕಾರನೂ ಈ ರಕ್ಷಣೆಯನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಚಲಚ್ಚಿತ್ರದ ಕರ್ತೃವೆಂದು ಈ ಕಾಯಿದೆಯು ಗುರುತಿಸುವುದು ನಿರ್ಮಾಪಕನನ್ನು. ಆದುದರಿಂದ ತಂತ್ರಜ್ಞನಿಗೆ ಏನು ಸಲ್ಲಬೇಕೆಂಬುದು ಅವನ ಕರಾರಿನಲ್ಲಿ ಇಲ್ಲದಿದ್ದರೆ ಮತ್ತೆಲ್ಲಿಯೂ ಇರುವುದಿಲ್ಲ. ಇದನ್ನು ಮನಗಂಡೇ ಸಂಸತ್ತು 1981ರಲ್ಲಿ ಸಿನಿಮಾ ಕಾರ್ಮಿಕರಿಗಾಗಿ ಕಾಯಿದೆಯೊಂದನ್ನು ಮಾಡಿ, ಲಿಖಿತ ಕರಾರಿಲ್ಲದೆ ಕಥಾಚಿತ್ರದ ಕೆಲಸಕ್ಕೆ ಯಾರನ್ನೂ ತೆಗೆದುಕೊಳ್ಳಕೂಡದೆಂದು ವಿಧಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಲಿಖಿತ ಕರಾರಿನ ನಿಯಮವನ್ನು ಅದು ಉಳಿಸಿಕೊಂಡಿರುವುದಷ್ಟೇ ಅಲ್ಲದೆ, ದೃಶ್ಯಶ್ರವ್ಯ ಕಾರ್ಮಿಕರೆಂಬ ಹೆಸರಿನಡಿಯಲ್ಲಿ ನಿರೂಪಕರನ್ನೂ ವಾರ್ತೆ ಓದುವವರನ್ನೂ ನರ್ತಕರನ್ನೂ ಸೇರಿಸಿಕೊಂಡಿದೆ. ಇಷ್ಟಾದರೂ ಬಾಯಿಮಾತಿನ ಪದ್ಧತಿ ಹಿಂದಿನಂತೆಯೇ ನಡೆದಿದೆಯೆಂದ ಮೇಲೆ, ಕಾಯಿದೆಯನ್ನು ಮಾಡಿದಷ್ಟರಿಂದಲೇ ಕಾರ್ಯವು ಮುಗಿಯಲಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ಏನನ್ನು ಬರೆದುಕೊಳ್ಳಬೇಕು? ಕೆಲಸದ ಸ್ವರೂಪವೇನು, ಅದು ಎಂದಿಗೆ ಮುಗಿಯಬೇಕು. ಎಷ್ಟು ಬಾರಿಯ ತಿದ್ದುಪಡಿ ಸಂಭಾವನೆಯಲ್ಲಿ ಅಡಕವಾಗಿದೆ, ಅದಕ್ಕೆ ಮೀರಿದರೆ ದರವೇನು. ಮುಂಗಡವೆಷ್ಟು, ಉಳಿದ ಕಂತುಗಳು ಯಾವ ಯಾವ ಘಟ್ಟದಲ್ಲಿ ಕೈಸೇರಬೇಕು. ಕೆಲಸವನ್ನು ನಡುವೆಯೇ ನಿಲ್ಲಿಸಿದರೆ ಅಲ್ಲಿಯವರೆಗಿನ ದುಡಿಮೆಗೆ ಸಲ್ಲುವುದೆಷ್ಟು. ದಿನಕ್ಕೆ ಎಷ್ಟು ತಾಸಿನ ಕೆಲಸ. ಚಿತ್ರದ ಶೀರ್ಷಿಕೆಗಳಲ್ಲಿ ಹೆಸರು ಯಾವ ರೀತಿ ಬರಬೇಕು. ಮೂಲ ಸಾಮಗ್ರಿ ಯಾರ ವಶದಲ್ಲಿರಬೇಕು. ಇವಿಷ್ಟೂ ಒಂದೆರಡು ಪುಟಗಳಲ್ಲಿ ಮುಗಿಯುವ ಮಾತುಗಳು. ಇವುಗಳಿಗೆ ನ್ಯಾಯವಾದಿಗಳ ಇಂಗ್ಲಿಷೇ ಬೇಕೆಂಬ ಭ್ರಮೆಯನ್ನು ಬಿಡಬೇಕು. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಕಥೆ ಕಟ್ಟಿ, ಕನ್ನಡಿಗರ ಮುಂದೆ ಇಡುವವನು ತನ್ನ ಕರಾರನ್ನು ಮಾತ್ರ ತನಗೆ ತಿಳಿಯದ ಭಾಷೆಯಲ್ಲಿ ರುಜು ಮಾಡುವುದು ವಿಪರೀತವೇ ಸರಿ. ಸರಳವಾದ ಕನ್ನಡದಲ್ಲಿ ಒಂದು ಮಾದರಿ ಕರಾರನ್ನು ಸಿದ್ಧಪಡಿಸಿ ಹಂಚುವುದು ಉದ್ಯಮದ ಸಂಘಗಳು ಮಾಡಬಹುದಾದ ಬಹು ದೊಡ್ಡ ಉಪಕಾರವಾದೀತು.

ಹಣದ ನಷ್ಟವನ್ನು ಹೇಗಾದರೂ ತುಂಬಿಕೊಳ್ಳಬಹುದು; ಪ್ರಾಣದ ನಷ್ಟವನ್ನು ತುಂಬಿಕೊಳ್ಳಲಾಗದು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟೀಪೂ ಸುಲ್ತಾನನನ್ನು ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಎದ್ದ ಬೆಂಕಿಗೆ ಅರವತ್ತಕ್ಕೂ ಹೆಚ್ಚು ಜನರು ಆಹುತಿಯಾದರು. 2016ರ ನವೆಂಬರ್ 7ರಂದು ಬೆಂಗಳೂರಿನ ಸಮೀಪದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಹೆಲಿಕಾಪ್ಟರಿನಿಂದ ನೀರಿಗೆ ಧುಮುಕುವ ದೃಶ್ಯಕ್ಕಾಗಿ ಇಬ್ಬರು ಯುವನಟರು ಪ್ರಾಣ ತೆತ್ತರು. ಅವರ ಮೈಮೇಲೆ ಜೀವರಕ್ಷಕ ಅಂಗಿಗಳಿರಲಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಇಪ್ಪತ್ತೇಳು ವರ್ಷಗಳು ಸಂದಿದ್ದವು. ಸಾಹಸದೃಶ್ಯದ ಹಿಂದಿನ ದಿನವೇ ಅಪಾಯಗಳನ್ನು ಪಟ್ಟಿ ಮಾಡಿ, ಬೆಂಕಿ ಆರಿಸುವ ಸಾಧನವೆಲ್ಲಿದೆ, ವೈದ್ಯನೆಲ್ಲಿದ್ದಾನೆ, ದೋಣಿ ಸಿದ್ಧವಿದೆಯೆ, ವಿಮೆಯ ಕಂತು ಸಂದಿದೆಯೆ ಎಂಬುದನ್ನು ಬರೆದು, ಹೊಣೆಗಾರನೊಬ್ಬನ ರುಜು ಪಡೆಯುವ ಪದ್ಧತಿಯಿದ್ದಲ್ಲಿ ಇಂಥ ದುರಂತಗಳು ಕಡಿಮೆಯಾಗುತ್ತವೆ. ಬರೆದು ರುಜು ಹಾಕಬೇಕಾದಾಗ ಮನುಷ್ಯನ ಕೈ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣದ ವಿವೇಕವೇ ಪ್ರಾಣವನ್ನು ಉಳಿಸುವುದು. ಅಪಾಯಕಾರಿ ದೃಶ್ಯವನ್ನು ನಿರಾಕರಿಸಿದವನು ಮುಂದಿನ ಕೆಲಸವನ್ನು ಕಳೆದುಕೊಳ್ಳಬಾರದೆಂಬುದೂ ಆ ಬರಹದಲ್ಲಿಯೇ ಇರತಕ್ಕದ್ದು.

ಬರೆದಿಡುವ ಶಿಸ್ತಿಗೆ ಸೇರಿದ ಇನ್ನೊಂದು ಕರ್ತವ್ಯವೆಂದರೆ ಕೃತಿಯ ಸಂರಕ್ಷಣೆ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯಾದರೂ ಇಂದು ನಮ್ಮಲ್ಲಿಲ್ಲ. ವೈ. ವಿ. ರಾವ್ ನಿರ್ದೇಶಿಸಿದರೆಂದೂ, ಬೆಳ್ಳಾವೆ ನರಹರಿಶಾಸ್ತ್ರಿಗಳು ಸಾಹಿತ್ಯ ಒದಗಿಸಿದರೆಂದೂ, ಸುಬ್ಬಯ್ಯ ನಾಯ್ಡು ನಟಿಸಿದರೆಂದೂ ನಾವು ಹೇಳಬಲ್ಲೆವು. ಆದರೆ ಅವರ ಕೆಲಸವನ್ನು ಕಣ್ಣಾರೆ ಕಾಣಲಾರೆವು, ಕಿವಿಯಾರೆ ಕೇಳಲಾರೆವು. ಕಾಲದ ಹೊಡೆತಕ್ಕೆ ಸಿಕ್ಕಿದ ಆ ಸುರುಳಿಗಳ ವಿಷಯದಲ್ಲಿ ಅಂದಿನವರನ್ನು ದೂರುವುದು ತರವಲ್ಲ. ಆದರೆ ಪ್ರತಿ ಮಾಡುವುದು ಇಷ್ಟು ಸುಲಭವಾಗಿರುವ ಈ ಕಾಲದಲ್ಲಿ, ಇಡೀ ಚಿತ್ರವನ್ನು ಒಂದೇ ಹಾರ್ಡ್ ಡಿಸ್ಕಿನಲ್ಲಿಟ್ಟು ಅದು ಕೆಟ್ಟಾಗ ಹಣೆಬರಹವನ್ನು ಹಳಿಯುವವರಿಗೆ ಯಾವ ಸಮಾಧಾನವಿದೆ? ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ: ಇದು ವೃತ್ತಿನಿರತರು ಎಲ್ಲ ದೇಶಗಳಲ್ಲಿಯೂ ಒಪ್ಪಿರುವ ಸರಳ ನಿಯಮ. ಯಾವ ದಿನದ ಚಿತ್ರೀಕರಣ ಎಲ್ಲಿದೆಯೆಂಬ ಪಟ್ಟಿಯಿಲ್ಲದ ಪ್ರತಿಯು, ಬೀಗದ ಕೈ ಕಳೆದುಹೋದ ಭಂಡಾರದಂತೆ ಯಾರಿಗೂ ಒದಗದು.

ನಿಯಮವನ್ನು ನಿರ್ಮಾಪಕನೊಬ್ಬನೇ ಪಾಲಿಸಲಿ ಎಂದು ನಾವು ಹೇಳುವುದಿಲ್ಲ. ತನ್ನ ಹೆಸರಿಗಾಗಿ ಹೋರಾಡುವ ತರುಣ ನಿರ್ದೇಶಕನು ಇನ್ನೊಬ್ಬನ ಸಂಗೀತವನ್ನು ಹೇಳದೆ ಕೇಳದೆ ತನ್ನ ಚಿತ್ರದ ಹಿನ್ನೆಲೆಗೆ ಸೇರಿಸಿಕೊಳ್ಳುವುದುಂಟು. ಅಂತರ್ಜಾಲದಲ್ಲಿ ಸಿಕ್ಕಿದ ಛಾಯಾಚಿತ್ರವು ಯಾರ ಸ್ವತ್ತೂ ಅಲ್ಲವೆಂದು ಭಾವಿಸುವುದುಂಟು. ಒಪ್ಪಿದ ದಿನಕ್ಕೆ ಕೆಲಸ ಕೊಡದೆ, ಒಂದೇ ವಾರದಲ್ಲಿ ಮೂವರಿಗೆ ಮಾತು ಕೊಟ್ಟು, ದೂರವಾಣಿ ಎತ್ತದಿರುವುದೂ ಉಂಟು. ತನ್ನ ಹಕ್ಕನ್ನು ಕೇಳುವವನು ಪರರ ಹಕ್ಕನ್ನು ಮೊದಲು ಮನ್ನಿಸಬೇಕು. ಬಳಸಿದ ಪ್ರತಿಯೊಂದು ಹಾಡು, ಚಿತ್ರ, ಅಕ್ಷರರೂಪಗಳ ಅನುಮತಿಪತ್ರವನ್ನು ಚಿತ್ರದ ಕಡತದಲ್ಲಿಡುವವನು ತನ್ನ ಮಾನವನ್ನೂ ನಿರ್ಮಾಪಕನ ಹಣವನ್ನೂ ಏಕಕಾಲಕ್ಕೆ ಕಾಯುತ್ತಾನೆ.

ಕೊನೆಯದಾಗಿ, ಅಧಿಕಾರಿಗಳಲ್ಲಿಯೂ ನಾಗರಿಕರಲ್ಲಿಯೂ ನಮ್ಮದೊಂದು ಅರಿಕೆಯಿದೆ. ಇಲಾಖೆಗಳು ಸಾಕ್ಷ್ಯಚಿತ್ರಗಳನ್ನು ಮಾಡಿಸುತ್ತವೆ. ಸಂಘಸಂಸ್ಥೆಗಳು ಉತ್ಸವಗಳನ್ನು ಚಿತ್ರೀಕರಿಸುತ್ತವೆ. ಗೃಹಸ್ಥರು ಮದುವೆ ಮುಂಜಿಗಳ ವಿಡಿಯೋ ತೆಗೆಯಿಸುತ್ತಾರೆ. ಆದುದರಿಂದ ನಾವೆಲ್ಲರೂ ಒಂದಲ್ಲ ಒಂದು ದಿನ ನಿರ್ಮಾಪಕರೇ. ರಸ್ತೆಯ ಗುತ್ತಿಗೆದಾರನಿಗೆ ಕರಾರು ಬರೆದುಕೊಡುವ ಕಚೇರಿಯು ಕಲಾವಿದನಿಗೆ ಮಾತ್ರ “ಮಾಡಿ ತನ್ನಿ, ನೋಡೋಣ” ಎನ್ನುವುದು ತರವೆ? ಸಿನಿಮಾ ಹಾಗೂ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕಾಗಿ ಕರ್ನಾಟಕದ ಶಾಸಕಾಂಗವು 2024ರಲ್ಲಿ ಕಾಯಿದೆಯೊಂದನ್ನು ಅಂಗೀಕರಿಸಿ, ಟಿಕೇಟು ಮೊದಲಾದವುಗಳ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ವಿಧಿಸಿ ನಿಧಿಯೊಂದನ್ನು ಕೂಡಿಸಲು ಅವಕಾಶ ಕಲ್ಪಿಸಿದೆ. ಈ ಉದ್ದೇಶವು ಶ್ಲಾಘ್ಯವಾದುದು. ಆದರೆ ನೆರವು ಬೇಡಲು ಬಂದ ಮುದಿ ಬೆಳಕಿನ ಸಹಾಯಕನಾಗಲಿ, ಪ್ರಸಾಧನದ ಹೆಂಗಸಾಗಲಿ ತಾನು ಮೂವತ್ತು ವರ್ಷ ದುಡಿದೆನೆಂಬುದಕ್ಕೆ ಯಾವ ಕಾಗದವನ್ನು ತೋರಿಸಬೇಕು? ಕರಾರಿರಲಿಲ್ಲ, ತೆರೆಯ ಮೇಲೆ ಹೆಸರು ಬರಲಿಲ್ಲ, ಸಂಬಳ ಕೈಯಿಂದ ಕೈಗೆ ಬಂದಿತು. ಅವರ ಪಾಲಿಗೆ ಇಡೀ ಜೀವಮಾನದ ದುಡಿಮೆಯೇ ದಾಖಲೆಯಿಲ್ಲದ ಮಾತಾಗಿ ಉಳಿಯುತ್ತದೆ. ಅಂಥವರ ಮುಪ್ಪಿನ ಅನ್ನವು ಅವರ ಯೌವನದಲ್ಲಿ ಯಾರಾದರೂ ಬರೆದಿಟ್ಟ ಒಂದು ಹಾಳೆಯ ಮೇಲೆ ನಿಂತಿದೆ. ಆ ಹಾಳೆಯನ್ನು ಇಂದೇ ಬರೆಯಿರೆಂದು ನಿರ್ಮಾಪಕರನ್ನೂ, ಬರೆಯಿಸಿಕೊಳ್ಳದೆ ಕೆಲಸಕ್ಕೆ ಕೈಹಚ್ಚಬೇಡಿರೆಂದು ಕಲಾವಿದರನ್ನೂ ನಾವು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.